ಚಿಕ್ಕಪ್ಪನ ಜೊತೆ ಚಿಪ್ಪು ಹುಡುಕಿದ ನಾಲ್ಕು ದಿನ

ಮೊದಲ ದಿನ, ಗುರುವಾರ

ಚಿಕ್ಕಪ್ಪ ತೀರ್ಥಹಳ್ಳಿಯಿಂದ ಹೊರಟು ಬೆಳಿಗ್ಗೆ ಏಳಕ್ಕೆ ಪುಣೆ ಮುಟ್ಟಬೇಕಿತ್ತು. ಬಸ್ಸು ಅವರನ್ನು ಕಾತ್ರಜ್ ಬಳಿ ಇಳಿಸಿದಾಗ ಹನ್ನೊಂದು ದಾಟಿತ್ತು. ಕರಾಡ್ ಹತ್ತಿರ ಟಯರ್ ಹೋಯಿತಂತೆ. ಕೈಯಲ್ಲಿ ಒಂದು ಹಲಸಿನ ಹಪ್ಪಳದ ಕಟ್ಟು, ಒಂದು ಚೀಲ ಅಡಿಕೆ, ಜೊತೆಗೊಂದು ಸುಣ್ಣದ ಡಬ್ಬಿ.

"ಸುಣ್ಣ ಇಲ್ಲೂ ಸಿಗುತ್ತಲ್ಲ ಚಿಕ್ಕಪ್ಪ?" ಅಂದೆ.

"ಸಿಗುತ್ತೆ ಮಾರಾಯ. ಅದು ಕಲ್ಲಿನ ಸುಣ್ಣ. ಇದು ಚಿಪ್ಪಿನದ್ದು."

ಈ ಪ್ರವಾಸ ಶುರುವಾಗಿದ್ದೇ ಆ ಮಾತಿನಿಂದ. ಮಧ್ಯಾಹ್ನ ಊಟಕ್ಕೆ ಅಕ್ಕನ ಮಗಳು ಬಂದಿದ್ದಳು. ಪುಣೆಯಲ್ಲಿ ಪ್ರಾಣಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿಯೇ. ಅವಳು ಓದುತ್ತಿರುವುದು ಸಿಹಿನೀರಿನ ಕಪ್ಪೆಚಿಪ್ಪುಗಳ ಬಗ್ಗೆ. ಮೂರು ವರ್ಷದಿಂದ ಕೇಳುತ್ತಿದ್ದರೂ ನನಗೆ ಅದರ ತಲೆಬುಡ ಗೊತ್ತಿರಲಿಲ್ಲ. ಚಿಕ್ಕಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾಗಿ ನಿವೃತ್ತರಾದವರು. ಅವರು ಬಿಡುತ್ತಾರಾ?

"ಅದ್ರಲ್ಲಿ ಓದೋಕೆ ಏನಿದೆ ಪುಟ್ಟಿ? ಚಿಪ್ಪು ಮಣ್ಣಲ್ಲಿ ಬಿದ್ದಿರುತ್ತೆ, ಅಷ್ಟೇ ಅಲ್ದಾ?"

"ಬಿದ್ದಿರಲ್ಲ ಅಜ್ಜ, ಬದುಕಿರುತ್ತೆ. ನಾಳೆ ತೋರಿಸ್ತೀನಿ. ಇವತ್ತು ಸಂಜೆ ಬೇಕಾದ್ರೆ ಚಿಪ್ಪು ಇಲ್ಲದ ಹೊಳೆ ತೋರಿಸ್ತೀನಿ."

ಆ ಹೊಳೆ ಮುಳಾ ಮತ್ತು ಮುಠಾ ಸೇರುವ ಸಂಗಮ. ನಮ್ಮನೆಯಿಂದ ರಿಕ್ಷಾದಲ್ಲಿ ಅರ್ಧ ಗಂಟೆ. ದಿನಾ ಆಫೀಸಿಗೆ ಹೋಗುವಾಗ ಸೇತುವೆ ಮೇಲೆ ಮೂಗು ಮುಚ್ಚಿಕೊಂಡು ದಾಟುವ ಜಾಗದ ಹತ್ತಿರವೇ. ಹತ್ತು ವರ್ಷದಲ್ಲಿ ಒಮ್ಮೆಯೂ ಇಳಿದು ನೋಡಿರಲಿಲ್ಲ. ನೀರಿನ ಮೇಲೆ ಜಲಪರ್ಣಿ ಅನ್ನುವ ಕಳೆ ಹಸಿರು ಕಂಬಳಿಯ ಹಾಗೆ ಹಬ್ಬಿತ್ತು. ಕಂಬಳಿ ಹರಿದಲ್ಲಿ ನೀರು ಕಪ್ಪಗೆ. ಚರಂಡಿ ವಾಸನೆ.

ಪುಟ್ಟಿ ಆ ನೀರನ್ನೇ ನೋಡುತ್ತಾ ಸೈಕ್ಸ್ ಅನ್ನುವ ಬ್ರಿಟಿಷ್ ಅಧಿಕಾರಿಯ ಕಥೆ ಹೇಳಿದಳು. ಅವನು ದಖ್ಖನ್ನಿನ ಮೀನುಗಳನ್ನು ಪಟ್ಟಿ ಮಾಡಿದವನು. 1839ರಲ್ಲಿ ಅವನು ವರ್ಣಿಸಿದ ಮೀನುಗಳಲ್ಲೊಂದು ದಖ್ಖನಿ ಮಹಶೀರ್. ವಿಜ್ಞಾನಕ್ಕೆ ಆ ಮೀನಿನ ಪರಿಚಯ ಆಗಿದ್ದು ಇದೇ ಮುಳಾ-ಮುಠಾದಿಂದ, ಪುಣೆಗೆ ಪೂರ್ವಕ್ಕೆ 12 ಮೈಲಿ ದೂರದ ಜಾಗದಲ್ಲಿ.

"ಈ ನೀರಲ್ಲಾ?" ಅಂದರು ಚಿಕ್ಕಪ್ಪ. ಮಹಶೀರ್ ಅಂದರೆ ಅವರಿಗೆ ತುಂಗೆಯ ತಿಳಿನೀರಿನ ಮೀನು. ಆಮೇಲೆ ಮನೆ ಮುಟ್ಟುವವರೆಗೂ ಏನೂ ಮಾತಾಡಲಿಲ್ಲ.

ಎರಡನೇ ದಿನ, ಶುಕ್ರವಾರ

ರಜೆ ಹಾಕಿದ್ದೆ. ಏಳಕ್ಕೇ ಕಾರು ಹೊರಟಿತು. ದಾರಿಯಲ್ಲಿ ಮಿಸಳ್ ತಿಂದೆವು. ಕೆಂಪು ರಸ್ಸಾದ ಮೇಲೆ ತೇಲುವ ಎಣ್ಣೆ ನೋಡಿ ಚಿಕ್ಕಪ್ಪ ಎರಡು ಪಾವ್ ಮಾತ್ರ ಚಹಾಕ್ಕೆ ಅದ್ದಿ ತಿಂದರು. ಅವರ ಪಾಲಿನದ್ದೂ ನಾನೇ ಮುಗಿಸಿದೆ.

ನಾವು ಹೋಗಿದ್ದು ಮುಂದೆ ಊರೊಳಗೆ ಮುಳಾಕ್ಕೆ ಸೇರುವ ಪವನಾ ನದಿಯ ಮೇಲ್ಭಾಗಕ್ಕೆ, ಅಣೆಕಟ್ಟಿನಿಂದ ಕೆಳಗಿನ ಒಂದು ಹಳ್ಳಿಯ ಅಂಚಿಗೆ. ಮಾಘ ಮಾಸ, ನೀರು ಇಳಿದಿತ್ತು. ತಳದ ಮರಳು ಕಾಣುವಷ್ಟು ತಿಳಿ. ಒಂದೇ ನದಿ ಊರೊಳಗೆ ಒಂದು ಥರ, ಊರಿಗೆ ಬರುವ ಮೊದಲು ಇನ್ನೊಂದು ಥರ.

"ಕಾಲಿಗಿಂತ ಮೊದಲು ಕಣ್ಣು ಹೋಗ್ಲಿ ಮಾಮ, ಮೇಲೆ ಕಾಲಿಟ್ಟುಬಿಡಬೇಡಿ," ಅಂದಳು ಪುಟ್ಟಿ.

ಏನು ನೋಡಬೇಕು ಅಂತ ಗೊತ್ತಾಗುವವರೆಗೆ ಏನೂ ಕಾಣಲ್ಲ. ಅವಳು ತೋರಿಸಿದ ಮೇಲೆ ಕಂಡಿತು. ಮರಳಿನ ಮೇಲೆ ಬೆರಳಲ್ಲಿ ಗೀರಿದ ಹಾಗೆ ಒಂದು ಸಣ್ಣ ಗೆರೆ. ಗೆರೆ ನಿಂತಲ್ಲಿ ಮರಳೊಳಗೆ ಎರಡು ಸಣ್ಣ ಸೀಳು. ಅವೇ ಚಿಪ್ಪಿನ ಬಾಗಿಲುಗಳು. ಒಂದರಿಂದ ನೀರು ಒಳಗೆ ಹೋಗುತ್ತದೆ, ಇನ್ನೊಂದರಿಂದ ಹೊರಗೆ ಬರುತ್ತದೆ. ಒಳಗೆ ಕಿವಿರಿನಲ್ಲಿ ಪಾಚಿ, ಕಸ ಎಲ್ಲ ಸೋಸಿಕೊಳ್ಳುತ್ತದೆ. ದೊಡ್ಡದೊಂದು ಚಿಪ್ಪು ದಿನಕ್ಕೆ ಹತ್ತಾರು ಲೀಟರ್ ನೀರು ಸೋಸುತ್ತದೆ. ಚಿಕ್ಕಪ್ಪನಿಗೆ ಇದು ಬಹಳ ಹಿಡಿಸಿತು. "ನಮ್ಮನೆ ಫಿಲ್ಟರ್‌ಗೆ ವರ್ಷಕ್ಕೊಂದು ಕ್ಯಾಂಡಲ್ ಬದಲಾಯಿಸ್ಬೇಕು ಮಾರಾಯ!"

ಒಂದು ಗಂಟೆಯಲ್ಲಿ ಹನ್ನೊಂದು ಸಿಕ್ಕಿದವು, ಅದರಲ್ಲಿ ನಾಲ್ಕು ಖಾಲಿ ಚಿಪ್ಪು. ಎರಡು ಜಾತಿ. ಉದ್ದಕ್ಕೆ, ನುಣ್ಣಗೆ, ಕಂದು ಬಣ್ಣದ್ದು ಲ್ಯಾಮೆಲ್ಲಿಡೆನ್ಸ್. ಚಿಕ್ಕದು, ದುಂಡಗೆ, ದಪ್ಪ, ನೆತ್ತಿಯ ಹತ್ತಿರ ಅಂಕುಡೊಂಕು ಗೀರು ಇರುವುದು ಪ್ಯಾರೇಸಿಯಾ. ಖಾಲಿ ಚಿಪ್ಪಿನ ಒಳಮೈ ಬಿಸಿಲಿಗೆ ಹಿಡಿದರೆ ಮುತ್ತಿನ ಹೊಳಪು. ಒಡಿಶಾದ ಸಿಹಿನೀರು ಮೀನುಗಾರಿಕೆ ಸಂಸ್ಥೆಯಲ್ಲಿ ಮುತ್ತು ಬೆಳೆಸುವುದು ಈ ಲ್ಯಾಮೆಲ್ಲಿಡೆನ್ಸ್‌ನಲ್ಲೇ. ಜೀವ ಇದ್ದವನ್ನು ಅಳೆದು, ಫೋಟೋ ತೆಗೆದು, ಹೇಗಿತ್ತೋ ಹಾಗೇ ಅದೇ ಜಾಗದಲ್ಲಿ ಅರ್ಧ ಹೂತಿಟ್ಟಳು. ನಾನು ಒಂದನ್ನು ತಲೆಕೆಳಗೆ ಇಟ್ಟು ಬೈಸಿಕೊಂಡೆ.

ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನೇ ನೋಡುತ್ತಿದ್ದರು. "ಶಿಂಪಲೆ ಕಾ?" ಚಿಪ್ಪಾ ಅಂತ ಮರಾಠಿಯಲ್ಲಿ ಕೇಳಿದರು. ತಾವು ಸಣ್ಣವರಿದ್ದಾಗ ಇಲ್ಲಿ ಕಾಲಿಟ್ಟಲ್ಲೆಲ್ಲ ಶಿಂಪಲೆ ಅಂದರು. ದೊಡ್ಡ ಚಿಪ್ಪನ್ನು ತೊಳೆದಿಟ್ಟುಕೊಂಡು ಮಕ್ಕಳಿಗೆ ಅದರಲ್ಲೇ ಹಾಲು ಕುಡಿಸುತ್ತಿದ್ದರಂತೆ. ನಾನು ಅನುವಾದ ಮಾಡಿದೆ. ಚಿಕ್ಕಪ್ಪ ತಕ್ಷಣ, "ಒಳಲೆ! ಒಳಲೆ ಅಂತ ಹೇಳು ಅವರಿಗೆ," ಅಂದರು. ಮರಾಠಿಯಲ್ಲಿ ಒಳಲೆಗೆ ಏನನ್ನುತ್ತಾರೋ, ನನಗೆ ತಿಳಿಯಲಿಲ್ಲ. ಅಜ್ಜಿ ಸುಮ್ನೆ ನಕ್ಕರು.

ಊಟದ ಡಬ್ಬಿ ಬಿಚ್ಚಿದ್ದು ಹೊಳೆದಂಡೆಯ ಮತ್ತಿ ಮರದ ಕೆಳಗೆ. ಮಾತು ನಿಜವಾಗಿ ಶುರುವಾಗಿದ್ದು ಅಲ್ಲಿ.

ಕಪ್ಪೆಚಿಪ್ಪಿಗೆ ಕಾಲಿಲ್ಲ. ಇರುವುದೊಂದು ನಾಲಿಗೆಯಂಥ ಪಾದ. ಅದರಿಂದ ದಿನಕ್ಕೆ ಗೇಣುದ್ದ ತೆವಳಿದರೆ ಹೆಚ್ಚು. ಮಳೆಗಾಲದಲ್ಲಿ ನೀರು ಕೆಳಕ್ಕೇ ತಳ್ಳುತ್ತದೆ. ಹಾಗಿದ್ದರೆ ಹೊಳೆಯ ಮೇಲ್ಭಾಗದಲ್ಲಿ ಚಿಪ್ಪು ಉಳಿಯುವುದು ಹೇಗೆ? ಪುಟ್ಟಿ ಈ ಪ್ರಶ್ನೆ ಕೇಳಿ ಸುಮ್ಮನಾದಳು. ಮೇಷ್ಟ್ರಿಗೇ ಮೇಷ್ಟ್ರ ಉಪಾಯ. ಚಿಕ್ಕಪ್ಪ ಎರಡು ತುತ್ತು ಮೊಸರನ್ನ ತಿಂದು, "ಮೀನು ಹೊತ್ಕೊಂಡು ಹೋಗುತ್ತಾ?" ಅಂದರು.

ಹೌದು, ಮೀನೇ. ತಾಯಿ ಚಿಪ್ಪು ಮೊಟ್ಟೆಗಳನ್ನು ತನ್ನ ಕಿವಿರಿನೊಳಗೇ ಇಟ್ಟು ಮರಿ ಮಾಡುತ್ತದೆ. ಆ ಮರಿಯ ಹೆಸರು ಗ್ಲೋಕಿಡಿಯಂ. ಅರ್ಧ ಮಿಲಿಮೀಟರ್ ಕೂಡ ಇರಲ್ಲ, ಆದರೆ ಅದಕ್ಕೂ ಎರಡು ಪುಟ್ಟ ಚಿಪ್ಪು. ಲಕ್ಷಗಟ್ಟಲೆ ಮರಿಗಳನ್ನು ತಾಯಿ ನೀರಿಗೆ ಬಿಡುತ್ತದೆ. ಮೀನೊಂದು ಹತ್ತಿರ ಬಂದರೆ ಮರಿ ಬಾಯಿ ಮುಚ್ಚಿದ ಹಾಗೆ ಅದರ ಕಿವಿರನ್ನೋ ರೆಕ್ಕೆಯನ್ನೋ ಕಚ್ಚಿ ಹಿಡಿಯುತ್ತದೆ. ಮೀನಿನ ಚರ್ಮ ಅದರ ಸುತ್ತ ಬೆಳೆದು ಮುಚ್ಚಿಕೊಳ್ಳುತ್ತದೆ. ಒಳಗೆ ಕೆಲವು ವಾರ ಇದ್ದು, ಮೈ ಬದಲಾಯಿಸಿಕೊಂಡು, ಪೂರ್ತಿ ಚಿಪ್ಪಾಗಿ, ಮೀನು ಎಲ್ಲಿ ಹೋಗಿದೆಯೋ ಅಲ್ಲಿ ಕೆಳಗೆ ಉದುರುತ್ತದೆ. ಮೀನು ಸಿಗದ ಮರಿ ಸಾಯುತ್ತದೆ. ಹೆಚ್ಚಿನವು ಸಾಯುತ್ತವೆ.

"ಉಣುಗು ಹತ್ತಿದ ಹಾಗೆ!" ಅಂದರು ಚಿಕ್ಕಪ್ಪ. ಕಾಡಿಗೆ ಹೋಗಿ ಬಂದ ದನದ ಕಿವಿ ನೋಡಿದವರಿಗೆ ಬೇರೆ ಹೋಲಿಕೆ ಬೇಕಾ?

"ಉಣುಗು ರಕ್ತ ಕುಡಿದು ಬೀಳುತ್ತೆ ಅಜ್ಜ. ಇದು ಹೆಚ್ಚಾಗಿ ಮೀನಿಗೆ ತೊಂದ್ರೆ ಕೊಡದೆ ಇಳಿದುಹೋಗುತ್ತೆ." ಆದರೂ ಚಿಕ್ಕಪ್ಪನ ತಪ್ಪು ದೊಡ್ಡದೇನಲ್ಲ ಅಂತ ಅವಳೇ ಸಮಾಧಾನ ಹೇಳಿದಳು. 1797ರಲ್ಲಿ ರಾಥ್ಕೆ ಅನ್ನುವ ವಿಜ್ಞಾನಿ ತಾಯಿ ಚಿಪ್ಪಿನ ಕಿವಿರಿನಲ್ಲಿ ಈ ಮರಿಗಳನ್ನು ಕಂಡು, ಇವು ಚಿಪ್ಪನ್ನು ತಿನ್ನಲು ಬಂದ ಪರೋಪಜೀವಿಗಳು ಅಂತ ಬರೆದುಬಿಟ್ಟಿದ್ದ. ಗ್ಲೋಕಿಡಿಯಂ ಅನ್ನುವ ಹೆಸರು ಬಂದಿದ್ದೇ ಆ ತಪ್ಪಿನಿಂದ. ಮಕ್ಕಳನ್ನು ಕಳ್ಳರು ಅಂದ ಹಾಗಾಯಿತು.

ಇನ್ನೊಂದು ವಿಡಿಯೋ ತೋರಿಸಿದಳು. ಅಮೆರಿಕದ ಲ್ಯಾಂಪ್ಸಿಲಿಸ್ ಅನ್ನುವ ಚಿಪ್ಪು. ಅದರ ಅಂಚಿನ ಮಾಂಸ ಥೇಟ್ ಸಣ್ಣ ಮೀನಿನ ಹಾಗಿದೆ. ಕಣ್ಣಿನ ಚುಕ್ಕೆ ಇದೆ, ಬಾಲ ಅಲ್ಲಾಡುತ್ತದೆ. ದೊಡ್ಡ ಮೀನು ಇದನ್ನು ತಿನ್ನಲು ಬಾಯಿ ಹಾಕಿದರೆ ಮುಖಕ್ಕೆ ಮರಿಗಳನ್ನು ಉಗಿಯುತ್ತದೆ. ಆ ಚಿಪ್ಪಿಗೆ ಮೀನನ್ನು ನೋಡುವ ಕಣ್ಣೇ ಇಲ್ಲ. ಚಿಕ್ಕಪ್ಪ ಅದನ್ನು ನಾಲ್ಕು ಸಲ ನೋಡಿದರು. "ಮೀನಿಗೆ ಗಾಳ ಹಾಕೋದು ನಾವು ಅಂದ್ಕೊಂಡಿದ್ದೆ."

ಎಲ್ಲ ಮೀನೂ ಎಲ್ಲ ಚಿಪ್ಪಿಗೆ ಆಗಲ್ಲ. ವಿಷಯದ ತಿರುಳು ಇದು. ಕೆಲವು ಚಿಪ್ಪುಗಳಿಗೆ ಹಲವು ಮೀನು ನಡೆಯುತ್ತದೆ, ಕೆಲವಕ್ಕೆ ಒಂದೋ ಎರಡೋ. ತಪ್ಪು ಮೀನಿಗೆ ಅಂಟಿದರೆ ಅದರ ಮೈ ನಾಲ್ಕಾರು ದಿನದಲ್ಲಿ ಮರಿಯನ್ನು ಉದುರಿಸಿಬಿಡುತ್ತದೆ. ಹಾಗಾಗಿ ನೀರು ಚೊಕ್ಕಟ ಇದ್ದರೂ ಸಾಲದು. ಹೊಳೆಯಲ್ಲಿ ಸರಿಯಾದ ಮೀನು ಇರಬೇಕು, ಅದಕ್ಕೆ ಓಡಾಡಲು ದಾರಿ ಬೇಕು. ನಾವು ಕೂತ ಜಾಗದಿಂದ ಸ್ವಲ್ಪ ಕೆಳಗೆ ಒಂದು ಕೆಟಿ ಬಂಧಾರೆ ಕಾಣುತ್ತಿತ್ತು. ಬೇಸಿಗೆಗೆ ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಕಟ್ಟೆ. ರೈತರಿಗೆ ಅದು ಬೇಕು. ಹಲಗೆ ಬಿದ್ದ ಮೇಲೆ ಮೀನಿಗೆ ಅದು ಗೋಡೆ. ಬಲೆ ಹಿಡಿದು ಬಂದ ಹುಡುಗನೊಬ್ಬ ಬಕೆಟ್ ತೋರಿಸಿದ. ಮುಕ್ಕಾಲು ಪಾಲು ಆಫ್ರಿಕಾದಿಂದ ಬಂದ ತಿಲಾಪಿಯಾ.

"ಮದುವೆಗೆ ಹೆಣ್ಣಿದೆ, ಚಪ್ಪರ ಇದೆ, ಗಂಡಿನ ಕಡೆಯವರ ಬಸ್ಸೇ ಬಂದಿಲ್ಲ," ಅಂದರು ಚಿಕ್ಕಪ್ಪ. ಹಿಂದಿನ ದಿನದ ಟಯರ್ ಅವರಿಗೆ ಇನ್ನೂ ಮರೆತಿರಲಿಲ್ಲ.

ರಾತ್ರಿ ಮನೆಯಲ್ಲಿ ಕಾಲು ತೊಳೆಯುವಾಗ ಹಿಮ್ಮಡಿಯ ಒಂದು ಹಳೇ ಗಾಯದ ಗುರುತು ತೋರಿಸಿದರು. ಹನ್ನೆರಡನೇ ವಯಸ್ಸಿನಲ್ಲಿ ತುಂಗೆಯ ಬಂಡೆ ಮೇಲೆ ಜಾರಿದಾಗ ಕೊಯ್ದದ್ದಂತೆ. ಬಂಡೆಗೆ ಏನೋ ಚೂಪಾದ್ದು ಮೆತ್ತಿಕೊಂಡಿತ್ತು, ಕಲ್ಲೇ ಇರಬೇಕು ಅಂದುಕೊಂಡಿದ್ದರಂತೆ.

ಪುಟ್ಟಿ ತಟ್ಟೆ ಬಿಟ್ಟು ಎದ್ದು ಬಂದಳು. "ಬಂಡೆಗೆ ಮೆತ್ತಿಕೊಂಡಿತ್ತಾ? ಕೀಳೋಕೆ ಬರ್ತಿರ್ಲಿಲ್ವಾ?"

ನಮ್ಮ ಮಲೆನಾಡಿನ ಹೊಳೆಗಳಲ್ಲಿ ಒಂದು ವಿಚಿತ್ರ ಚಿಪ್ಪಿದೆ. ಸ್ಯೂಡೋಮುಲ್ಲೇರಿಯಾ ಡಾಲಿ. ತುಂಗಾ, ಭದ್ರಾ ಸೀಮೆಯದ್ದು. ಇಂಗ್ಲೆಂಡಿನ ಸ್ಮಿತ್ ಅನ್ನುವವನು 1898ರಲ್ಲಿ ಅದಕ್ಕೆ ಹೆಸರಿಟ್ಟ. ಉಳಿದವು ಮರಳಲ್ಲಿ ತೆವಳಿದರೆ ಇದು ಸಿಮೆಂಟ್ ಹಾಕಿದ ಹಾಗೆ ಬಂಡೆಗೆ ಅಂಟಿಕೊಂಡು ಜೀವನಪೂರ್ತಿ ಅಲ್ಲೇ ಇರುತ್ತದೆ. ನೋಡಲು ಇದರ ಹಾಗೇ ಇರುವುದು ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿದೆ. ನೂರು ವರ್ಷ ಇವೆರಡೂ ನೆಂಟರು ಅಂತಲೇ ನಂಬಿದ್ದರು. 2000ದಲ್ಲಿ ಡಿಎನ್ಎ ನೋಡಿದರೆ ನಮ್ಮದು ನಮ್ಮೂರ ಮಾಮೂಲಿ ಕಪ್ಪೆಚಿಪ್ಪುಗಳದೇ ಕುಟುಂಬ. ಈಗ ಅದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿದೆ.

ಚಿಕ್ಕಪ್ಪ ಹಿಮ್ಮಡಿಯನ್ನು ಹೊಸದಾಗಿ ನೋಡಿಕೊಂಡರು. ಅರವತ್ತು ವರ್ಷ ಅದು ಬರೀ ಗಾಯವಾಗಿತ್ತು.

ಮೂರನೇ ದಿನ, ಶನಿವಾರ

ಲೋಕಲ್ ರೈಲಿನಲ್ಲಿ ಲೋಣಾವಳ. ಪ್ರವಾಸಿಗಳ ಗದ್ದಲ, ಚಿಕ್ಕಿ ಅಂಗಡಿ. ಚಿಕ್ಕಪ್ಪ ಎರಡು ಕಿಲೋ ಚಿಕ್ಕಿ ಕೊಂಡು, ನಮ್ಮೂರ ಬೆಲ್ಲದ್ದೇ ಚೆನ್ನಾಗಿರುತ್ತೆ ಅಂದರು.

ಹೋಗಿದ್ದು ವಳವಣ ಕೆರೆ ನೋಡಲು. ಟಾಟಾದವರು ಕರೆಂಟಿಗಾಗಿ ನೂರು ವರ್ಷದ ಹಿಂದೆ ಕಟ್ಟಿದ ಕೆರೆ. 1970ರ ದಶಕದಿಂದ ಇಲ್ಲಿ ಮಹಶೀರ್ ಮರಿ ಮಾಡುತ್ತಾರೆ. ಕುಲಕರ್ಣಿ ಮತ್ತು ಓಗಲೆ ಅನ್ನುವ ಮೀನು ತಜ್ಞರು ಹೆಸರು ಮಾಡಿದ್ದು ಇಲ್ಲೇ. ಮೊದಲೇ ಅನುಮತಿ ಕೇಳದೆ ಹೋಗಿದ್ದು ನಮ್ಮದೇ ತಪ್ಪು. ಹೊರಗಿನಿಂದ ಕೆರೆ ನೋಡಿ, ಒಂದು ಕಟ್ಟೆ ಮೇಲೆ ಕೂತೆವು.

ಮೊದಲ ದಿನ ಸಂಗಮದಲ್ಲಿ ಕೇಳಿದ ಮೀನು ಇದೇ. ಮುಳಾ-ಮುಠಾದ ದಖ್ಖನಿ ಮಹಶೀರ್. ಅದು ಅಳಿದೀತು ಅನ್ನುವ ಭಯದಲ್ಲಿ ಮರಿ ಮಾಡಿ ದೇಶದ ಬೇರೆ ಬೇರೆ ನೀರಿಗೆ ಬಿಟ್ಟರು. ನಮ್ಮ ಕಾವೇರಿಗೂ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಆದರೆ ಕಾವೇರಿಯಲ್ಲಿ ಆಗಲೇ ಅದರದ್ದೇ ಒಂದು ಮಹಶೀರ್ ಇತ್ತು. ಬೆನ್ನು ಡುಬ್ಬಾಗಿರುವುದು, ರೆಕ್ಕೆ ಕಿತ್ತಳೆ ಬಣ್ಣ. ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಹೊಸಬ ಹೆಚ್ಚಿದ, ಹಳಬ ಕಾಣೆಯಾಗುತ್ತಾ ಬಂದ. ಅದರ ವೈಜ್ಞಾನಿಕ ಹೆಸರು ಇದೇ ಅಂತ ನಿಕ್ಕಿಯಾಗಿದ್ದೇ 2018ರಲ್ಲಿ. ಅದೇ ವರ್ಷ ಕೆಂಪು ಪಟ್ಟಿಯಲ್ಲಿ ದಖ್ಖನಿ ಮಹಶೀರ್‌ಗೆ ಅಪಾಯವಿಲ್ಲ ಅಂತಾಯಿತು, ಕಾವೇರಿಯದ್ದು ತೀರಾ ಅಪಾಯದ ಸಾಲಿಗೆ ಸೇರಿತು.

"ಅಂದ್ರೆ ಒಂದು ಮೀನನ್ನ ಉಳಿಸೋಕೆ ಹೋಗಿ..." ಅಂದರು ಚಿಕ್ಕಪ್ಪ. ಮುಂದೆ ಹೇಳಲಿಲ್ಲ.

"ಈಗ ಅದರ ಕೆಳಗಿನ ಚಿಪ್ಪನ್ನ ಯೋಚಿಸಿ ಅಜ್ಜ. ಹೊಳೆಯಲ್ಲಿ ಮೀನು ಬದಲಾದ್ರೆ, ಆ ಮೀನಿಗೆ ಕಾಯ್ತಿರೋ ಚಿಪ್ಪು ಏನು ಮಾಡ್ಬೇಕು?"

ಅದಕ್ಕೆ ಅವಳೇ ಯುರೋಪಿನ ಕಥೆ ಹೇಳಿದಳು. ಅಲ್ಲಿ ಮುತ್ತಿನ ಚಿಪ್ಪು ಅನ್ನುವುದಿದೆ. ನೂರು ವರ್ಷಕ್ಕಿಂತ ಜಾಸ್ತಿ ಬದುಕುತ್ತದೆ. ಅದರ ಮರಿಗೆ ಅಟ್ಲಾಂಟಿಕ್ ಸಾಲ್ಮನ್ ಇಲ್ಲವೇ ಕಂದು ಟ್ರೌಟ್ ಮೀನೇ ಬೇಕು. ಎಷ್ಟೋ ಹೊಳೆಗಳಲ್ಲಿ ಈಗ ಬರೀ ಮುದಿ ಚಿಪ್ಪುಗಳೇ ಇವೆ. ಕೆಲವು ಕಡೆ ಮೀನು ಸಾಲದು, ಕೆಲವು ಕಡೆ ಮರಿ ಉದುರಿದ ತಳದಲ್ಲಿ ಹೂಳು ತುಂಬಿ ಉಸಿರುಕಟ್ಟುತ್ತದೆ. ಎಣಿಸಿದರೆ ಸಾವಿರ ಸಿಕ್ಕಬಹುದು, ಎಲ್ಲ ಚೆನ್ನಾಗಿದೆ ಅನ್ನಿಸಬಹುದು. ಆದರೆ ಐವತ್ತು ವರ್ಷಕ್ಕಿಂತ ಚಿಕ್ಕದು ಒಂದೂ ಇರಲ್ಲ.

"ನಮ್ಮೂರ ಮನೆಗಳ ಥರ," ಅಂದರು ಚಿಕ್ಕಪ್ಪ. ದೊಡ್ಡ ಅಂಗಳ, ತೋಟ, ಜಗಲಿ ತುಂಬ ಅಡಿಕೆ. ಒಳಗೆ ಇಬ್ಬರು ಎಪ್ಪತ್ತು ದಾಟಿದವರು. ನಾನು ಪುಣೆಯಲ್ಲಿ, ಅವರ ಮಗ ಬೆಂಗಳೂರಿನಲ್ಲಿ. ನಾನು ಕೆರೆ ಕಡೆ ನೋಡಿದೆ.

ಉಳಿಸುವ ಉಪಾಯ ಹೊಸದಲ್ಲ. ಅಮೆರಿಕದ ಮಿಸಿಸಿಪಿ ದಂಡೆಯ ಮಸ್ಕಟೀನ್ ಊರಲ್ಲಿ 1891ರಿಂದ ಚಿಪ್ಪು ಕೊರೆದು ಅಂಗಿ ಗುಂಡಿ ಮಾಡುತ್ತಿದ್ದರು. ವರ್ಷಕ್ಕೆ ನೂರು ಕೋಟಿಗೂ ಹೆಚ್ಚು ಗುಂಡಿ. ಹೊಳೆ ಬರಿದಾಗತೊಡಗಿದಾಗ ಅಲ್ಲೇ ಫೇರ್‌ಪೋರ್ಟ್‌ನಲ್ಲಿ ಸರ್ಕಾರ ಒಂದು ಕೇಂದ್ರ ತೆರೆಯಿತು. ಸರಿಯಾದ ಮೀನನ್ನು ತೊಟ್ಟಿಯಲ್ಲಿಟ್ಟು, ಚಿಪ್ಪಿನ ಮರಿಗಳನ್ನು ಅದಕ್ಕೆ ಅಂಟಿಸಿ ಹೊಳೆಗೆ ಬಿಡುವ ಪ್ರಯೋಗ. ಇವತ್ತೂ ಹೆಚ್ಚುಕಡಿಮೆ ಅದೇ ದಾರಿ. ಮೀನಿಗೆ ಅಂಟಿಸುತ್ತಾರೆ, ಉದುರಿದ ಮರಿಗಳನ್ನು ಜರಡಿಯಲ್ಲಿ ಹಿಡಿಯುತ್ತಾರೆ, ಬೆಳೆಸಿ ಹೊಳೆಗೆ ಬಿಡುತ್ತಾರೆ. ಒಂದೇ ಮೀನನ್ನು ಮತ್ತೆ ಮತ್ತೆ ಬಳಸಿದರೆ ಅದರ ಮೈ ಪಾಠ ಕಲಿತು ಮರಿಗಳನ್ನು ಬೇಗ ಉದುರಿಸುತ್ತದೆ. ತಡವಾದರೆ ಇದ್ಯಾವುದೂ ನಡೆಯಲ್ಲ. 2023ರಲ್ಲಿ ಅಮೆರಿಕ ಅಳಿದುಹೋದವು ಅಂತ ರಕ್ಷಣಾ ಪಟ್ಟಿಯಿಂದ ತೆಗೆದ 21 ಜೀವಿಗಳಲ್ಲಿ ಎಂಟು ಕಪ್ಪೆಚಿಪ್ಪುಗಳು.

ವಾಪಸ್ ಬರುವಾಗ ರೈಲಿನಲ್ಲಿ ಸೀಟು ಸಿಗಲಿಲ್ಲ. ನಿಂತೇ ಬಂದೆವು. ಯುರೋಪಿನ ಬಿಟರ್ಲಿಂಗ್ ಅನ್ನುವ ಸಣ್ಣ ಮೀನು ಬದುಕಿದ ಚಿಪ್ಪಿನೊಳಗೇ ಮೊಟ್ಟೆಯಿಡುತ್ತದೆ ಅಂತ ಪುಟ್ಟಿ ಹೇಳಿದಾಗ ಚಿಕ್ಕಪ್ಪನಿಗೆ ಖುಷಿಯೋ ಖುಷಿ. "ಹಂಗಾದ್ರೆ ಮುಯ್ಯಿಗೆ ಮುಯ್ಯಿ!"

ನಾಲ್ಕನೇ ದಿನ, ಭಾನುವಾರ

ದೇಹು. ಇದು ಚಿಕ್ಕಪ್ಪನ ಆಸೆ. ಚಿಪ್ಪಿಗಲ್ಲ, ಸಂತ ತುಕಾರಾಮರಿಗಾಗಿ. ಇದು ಅವರ ಊರು. ಅವರ ಅಭಂಗಗಳ ಹಸ್ತಪ್ರತಿಯನ್ನು ಇಲ್ಲಿನ ಇಂದ್ರಾಯಣಿ ಹೊಳೆಯಲ್ಲಿ ಮುಳುಗಿಸಿದರು, ಹದಿಮೂರು ದಿನದ ಮೇಲೆ ಅದು ಒಂದಿಷ್ಟೂ ಕೆಡದೆ ಮೇಲೆ ಬಂತು ಅನ್ನುವ ಕಥೆ ಚಿಕ್ಕಪ್ಪನಿಗೆ ಬಾಯಿಪಾಠ.

ಘಾಟಿನ ಮೆಟ್ಟಿಲ ಮೇಲೆ ಹೆಂಗಸೊಬ್ಬರು ಮಂಡಕ್ಕಿ ಮಾರುತ್ತಿದ್ದರು. ಹತ್ತು ರೂಪಾಯಿಯ ಪೊಟ್ಟಣ ಎಸೆದ ಕೂಡಲೇ ನೀರು ಕುದಿದ ಹಾಗೆ ಮೀನು ಮೇಲೆ ಬಂದವು. ಇಲ್ಲಿ ಯಾರೂ ಹಿಡಿಯಲ್ಲ, ದೇವರ ಮೀನು ಅಂದರು ಆಕೆ. ಚಿಕ್ಕಪ್ಪ ಕೈ ಕಟ್ಟಿಕೊಂಡು ತುಂಬಾ ಹೊತ್ತು ನಿಂತರು.

"ನಮ್ಮ ಚಿಪ್ಪಲಗುಡ್ಡೆಯಲ್ಲೂ ಹೀಗೇ," ಅಂದರು. ತೀರ್ಥಹಳ್ಳಿಯ ಹತ್ತಿರ ತುಂಗೆಯಲ್ಲಿರುವ ಮತ್ಸ್ಯಧಾಮ ಅದು. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ. ಇದ್ದಕ್ಕಿದ್ದ ಹಾಗೆ ನನ್ನ ತೋಳು ಹಿಡಿದರು. "ಏ, ಹೆಸರು ನೋಡೋ! ಮೀನಿರೋ ಜಾಗ, ಹೆಸರಲ್ಲಿ ಚಿಪ್ಪು!"

ಆ ಹೆಸರು ಎಲ್ಲಿಂದ ಬಂತೋ, ನಾನೇನೂ ಹೇಳಲು ಹೋಗಲಿಲ್ಲ. ಪುಟ್ಟಿ ಮಾತ್ರ ನೋಟ್‌ಬುಕ್ ತೆಗೆದು ಬರೆದುಕೊಂಡಳು. ದೇವರ ಹೆಸರಲ್ಲಿ ಮೀನು ಉಳಿದ ಮಡುಗಳಲ್ಲಿ ತಳ ನೋಡಬೇಕು ಅಂತ ಅವಳಿಗೆ ಮೊದಲೇ ಇತ್ತಂತೆ. ಎಲ್ಲರೂ ಮೇಲಿನ ಮೀನಿಗೆ ಮಂಡಕ್ಕಿ ಹಾಕುತ್ತಾರೆ. ಕೆಳಗೆ ಏನಿದೆ ಅಂತ ಬಗ್ಗಿ ನೋಡುವವರಿಲ್ಲ. ನಾವು ನೋಡಿದೆವು. ಘಾಟಿನ ಕೆಳಗೆ ಪ್ಲಾಸ್ಟಿಕ್, ಹೂವಿನ ಹಾರ, ಹೂಳು. ಸ್ವಲ್ಪ ಮೇಲ್ಗಡೆ, ಮರಳಿರುವಲ್ಲಿ ಒಂದು ಖಾಲಿ ಚಿಪ್ಪು ಸಿಕ್ಕಿತು. ಎರಡೂ ಹೋಳು ಇನ್ನೂ ಕೀಲಿನಲ್ಲಿ ಕೂಡಿಕೊಂಡಿದ್ದವು. ಸತ್ತು ಬಹಳ ದಿನ ಆಗಿಲ್ಲ ಅಂದಳು. ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಅಂತ ಕೇಳಿದೆ. "ಎರಡೂ," ಅಂದಳು.

ರಾತ್ರಿ ಬಸ್ಸಿಗೆ ಬಿಟ್ಟು ಬಂದೆ. ಈ ಸಲ ಸರಿಯಾದ ಹೊತ್ತಿಗೆ ಹೊರಟಿತು.

ಹನ್ನೆರಡು ದಿನ ಆದ ಮೇಲೆ ಚಿಕ್ಕಪ್ಪನ ಫೋನ್. ಹಿನ್ನೆಲೆಯಲ್ಲಿ ನೀರಿನ ಸದ್ದು. ಹಳೇ ಬಂಡೆ ಹುಡುಕಿದರಂತೆ. ಅದರ ಅರ್ಧ ಇನ್ನೂ ನೀರಲ್ಲಿದೆ, ಮೊಣಕಾಲು ಮಟ್ಟ ಇಳಿದು ಕೈಯಲ್ಲಿ ಸವರಿ ನೋಡಿದರಂತೆ.

"ಇದೆಯಾ ಚಿಕ್ಕಪ್ಪ?"

"ಒರಟೊರಟಾಗಿ ಏನೋ ಸಿಕ್ತು ಮಾರಾಯ. ಕಲ್ಲೋ ಚಿಪ್ಪೋ, ನಂಗೆ ಗೊತ್ತಾಗ್ಲಿಲ್ಲ. ಕೀಳೋಕೆ ಹೋಗ್ಲಿಲ್ಲ. ಮುಂದಿನ ತಿಂಗಳು ನೀರು ಇನ್ನೂ ಇಳಿಯುತ್ತೆ, ಪುಟ್ಟಿನ ಕರ್ಕೊಂಡು ಬಾ." ಸ್ವಲ್ಪ ತಡೆದು, "ಬಂಡೆ ಹತ್ರ ಸಣ್ಣ ಸಣ್ಣ ಮೀನು ಸುತ್ತಾಡ್ತಿದ್ವು, ಮೈಮೇಲೆ ಕಪ್ಪು ಚುಕ್ಕೆ. ಯಾವ ಮೀನು ಅಂತ ಅವಳನ್ನ ಕೇಳಿಡು."